ಹೇಳಿ ಮಾಡಿಸಿದ ಟೊಮಹಾಕ್

1805ನೆಯ ಇಸವಿಯ ಫೆಬ್ರವರಿ ತಿಂಗಳು. ಉತ್ತರ ಅಮೆರಿಕದ ಮಿಸೌರಿ ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಈಗ ಉತ್ತರ ಡಕೋಟ ಎನಿಸಿಕೊಂಡಿರುವ ಪ್ರದೇಶದಲ್ಲಿ, ಆ ನದಿಯ ತೀರದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಕೋಟೆಯೊಂದಿತ್ತು. ಶಾಂತಸಾಗರದವರೆಗಿನ ದಾರಿಯನ್ನು ಹುಡುಕಲು ಹೊರಟಿದ್ದ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳು ತಮ್ಮ ತಂಡದೊಡನೆ ಆ ಚಳಿಗಾಲವನ್ನು ಅಲ್ಲಿ ಕಳೆಯುತ್ತಿದ್ದರು. ಬೇಟೆಗೆ ಸಿಕ್ಕುತ್ತಿದ್ದ ಪ್ರಾಣಿಗಳು ಚಳಿಯಿಂದ ಬಡಕಲಾಗಿದ್ದವು. ನೆರೆಯ ಹಳ್ಳಿಗಳ ಮ್ಯಾಂಡನ್ ಜನರ ಬಳಿ ಮೆಕ್ಕೆಜೋಳವಿತ್ತು. ಆದರೆ ಅದನ್ನು ಏನು ಕೊಟ್ಟು ಪಡೆಯುವುದು?

ತಂಡವನ್ನು ಆ ಇಕ್ಕಟ್ಟಿನಿಂದ ಪಾರುಮಾಡಿದವರು ಅದರಲ್ಲಿದ್ದ ಕಮ್ಮಾರರು. ಜಾನ್ ಶೀಲ್ಡ್ಸ್ ಎಂಬಾತ ಅವರಲ್ಲಿ ಮುಖ್ಯನಾದವನು. ಕುಲುಮೆ ಹೊತ್ತಿತು, ತಿದಿ ಉಸಿರಾಡಿತು. ಮ್ಯಾಂಡನ್ ಜನರು ಮೆಕ್ಕೆಜೋಳವನ್ನು ಹೊತ್ತು ತಂದು, ತಮಗೆ ಬೇಕಾದ ಆಕಾರದ ಸಮರಗೊಡಲಿಗಳನ್ನು ಹೇಳಿ ಮಾಡಿಸಿಕೊಂಡು ಹೋಗತೊಡಗಿದರು. ಸುಟ್ಟು ಸವೆದುಹೋಗಿದ್ದ ಒಂದು ತಗಡಿನ ಒಲೆಯನ್ನು ಕೂಡ ಕಮ್ಮಾರರು ತುಂಡು ತುಂಡಾಗಿ ಕತ್ತರಿಸಿ ಮಾರಿದರು. ಸುಮಾರು ನಾಲ್ಕು ಅಂಗುಲ ಚೌಕದ ಒಂದು ತುಂಡಿಗೆ ಏಳೆಂಟು ಗ್ಯಾಲನ್, ಎಂದರೆ ಇಪ್ಪತ್ತಾರರಿಂದ ಮೂವತ್ತು ಲೀಟರಿನಷ್ಟು, ಮೆಕ್ಕೆಜೋಳ ದೊರೆಯುತ್ತಿತ್ತೆಂದು ಲೂಯಿಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕಮ್ಮಾರರಿಲ್ಲದೆ ಹೋಗಿದ್ದರೆ ಈ ಧಾನ್ಯವನ್ನು ಪಡೆಯಲು ಬೇರೆ ಉಪಾಯವೇ ತೋಚುತ್ತಿರಲಿಲ್ಲವೆಂಬುದು ಅವನ ಅಭಿಪ್ರಾಯ.

ಆದರೂ ಆ ಕೊಡಲಿಯ ಆಕಾರ ಮಾತ್ರ ಲೂಯಿಸನಿಗೆ ಎಳ್ಳಷ್ಟೂ ಹಿಡಿಸಲಿಲ್ಲ. ಅಲಗು ಅತಿ ತೆಳುವಾದುದು. ಅದರ ಉದ್ದ ಏಳರಿಂದ ಒಂಬತ್ತು ಅಂಗುಲ. ಕಾವಾದರೋ ಹದಿನಾಲ್ಕು ಅಂಗುಲವನ್ನು ದಾಟುವುದೇ ಅಪರೂಪ. ಒಟ್ಟು ತೂಕ ಒಂದು ಪೌಂಡಿನ ಆಸುಪಾಸು. ಇಷ್ಟು ಉದ್ದದ ಅಲಗಿಗೆ ಇಷ್ಟು ಗಿಡ್ಡ ಕಾವು ಇದ್ದರೆ ಹೊಡೆತ ಗುರಿ ತಪ್ಪುತ್ತದೆ, ಬಿದ್ದರೂ ಅದರಲ್ಲಿ ಬಲವಿರುವುದಿಲ್ಲ, ಕುದುರೆಯ ಮೇಲೆ ಕುಳಿತು ಕಾದಾಡುವವರಿಗಂತೂ ಇದು ತೀರ ಅನನುಕೂಲ ಎಂದು ಅವನು ಟೀಕಿಸಿದ್ದಾನೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ಅವನ ಮಾತು ತಪ್ಪಲ್ಲ. ಆದರೆ ಮಾಡಿಸಿಕೊಂಡವರು ಮ್ಯಾಂಡನ್ ಜನರು. ಅವರಿಗೆ ಬೇಕಾಗಿದ್ದುದು ಅದೇ ಆಕಾರ. ಕೈಯಲ್ಲಿ ಹಿಡಿದವನ ಗೌರವವನ್ನು ದೂರದಿಂದಲೇ ಸಾರುವ ವಸ್ತುವಿಗೆ ಅಗಲವಾದ, ಹೊಳೆಯುವ ಅಲಗು ಬೇಡವೆ? ನಮಗೆ ತೋರುವ ಮಟ್ಟಿಗೆ ಲೂಯಿಸ್ ಅಳೆದದ್ದು ಒಂದು ಗುಣವನ್ನು, ಅವರು ಬಯಸಿದ್ದು ಇನ್ನೊಂದನ್ನು. ಆ ಕೊಡಲಿಗಳ ಬೆಲೆ ಎಂತಹುದೆಂಬುದಕ್ಕೆ ಮುಂದಿನ ವರ್ಷವೇ ಸಾಕ್ಷಿ ದೊರೆಯಿತು. 1806ರಲ್ಲಿ ತಂಡವು ಹಿಂದಿರುಗುತ್ತಿದ್ದಾಗ, ರಾಕಿ ಪರ್ವತಗಳ ಆಚೆ ನೆಜ್ ಪರ್ಸ್ ಜನರ ಕೈಯಲ್ಲಿ, ಮ್ಯಾಂಡನ್ ಕೋಟೆಯಲ್ಲಿ ಮಾಡಿದ ಕೊಡಲಿಗಳೇ ಕಾಣಿಸಿಕೊಂಡವು. ಕೈಯಿಂದ ಕೈಗೆ ವ್ಯಾಪಾರದಲ್ಲಿ ಸಾಗಿ ಅವು ಪರ್ವತಗಳನ್ನು ದಾಟಿ ಹರಡಿದ್ದುವು!

ಈ ಬಗೆಯ ಹಗುರ ಕೊಡಲಿಗಳಿಗೆಲ್ಲ ಈಗ ಟೊಮಹಾಕ್ ಎಂಬ ಹೆಸರು ರೂಢಿಯಲ್ಲಿದೆ. ಶಬ್ದವು ವರ್ಜೀನಿಯದ ಪೌಹಟನ್ ಜನರ ನುಡಿಯಿಂದ ಬಂದುದು. ಕಡಿಯುವ ಸಾಧನವೆಂದು ಅದರ ಅರ್ಥ. ಹದಿನೇಳನೆಯ ಶತಮಾನದ ಮೊದಲಲ್ಲಿ ಅಲ್ಲಿ ನೆಲಸಿದ ಇಂಗ್ಲಿಷರು ಅದನ್ನು ತಮ್ಮ ಪದಪಟ್ಟಿಗಳಲ್ಲಿ ಬರೆದುಕೊಂಡರು. ಆಗ ಮೂಲನಿವಾಸಿಗಳು ಬಳಸುತ್ತಿದ್ದುದು ನುಣ್ಣಗೆ ಉಜ್ಜಿದ ಕಲ್ಲನ್ನು ಮರದ ಹಿಡಿಗೆ ಸೇರಿಸಿದ ಕೊಡಲಿ. ಮುಂದೆ ತುಪ್ಪುಳಿನ ಚರ್ಮಗಳಿಗೆ ಬದಲಾಗಿ ಯೂರೋಪಿನ ಕಬ್ಬಿಣ ಬಂದಿತು. ಕಲ್ಲು ಹಿಂದೆ ಸರಿದು ಹೆಸರು ಉಳಿಯಿತು. ಇಂದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುರಿಯಿಟ್ಟು ಕೊಡಲಿ ಎಸೆಯುವ ಸ್ಪರ್ಧೆಗಳುಂಟು. 1825ರಿಂದ 1840ರವರೆಗೆ ರಾಕಿ ಪರ್ವತಗಳ ತುಪ್ಪುಳು ಬೇಟೆಗಾರರು ವರ್ಷಕ್ಕೊಮ್ಮೆ ಕಲೆಯುತ್ತಿದ್ದ ಸಂತೆಗಳನ್ನು ಅದೇ ಉಡುಪು, ಅದೇ ಉಪಕರಣಗಳೊಡನೆ ಮತ್ತೆ ಆಡಿ ತೋರಿಸುವ ಕೂಟಗಳುಂಟು. ಇವರಿಗಾಗಿ ಒಂದೊಂದನ್ನೂ ಕೈಯಿಂದಲೇ ಬಡಿದು ಮಾಡಿಕೊಡುವ ಕಮ್ಮಾರರು ಈಗಲೂ ಇದ್ದಾರೆ. ಅಂತಹ ಒಬ್ಬ ಕಮ್ಮಾರನಿಗೆ ಗಿರಾಕಿ ಏನೆಂದು ಬರೆಯಬೇಕು? ಆ ಕಾಗದದ ಒಂದೊಂದು ಸಾಲಿನ ಹಿಂದೆಯೂ ಲೋಹಶಾಸ್ತ್ರವೋ ಭೌತಶಾಸ್ತ್ರವೋ ಅಡಗಿ ಕುಳಿತಿದೆ.

ಮೊದಲನೆಯದು ಉದ್ದೇಶ. ಎಸೆಯುವುದಕ್ಕೋ, ಕಾಡಿನಲ್ಲಿ ಸೌದೆ ಸೀಳುವುದಕ್ಕೋ, ಗೋಡೆಯ ಮೇಲೆ ತೂಗುಹಾಕುವುದಕ್ಕೋ ಎಂಬುದನ್ನು ತಿಳಿಸದೆ ತೂಕವನ್ನೂ ಅಳತೆಯನ್ನೂ ಮಾತ್ರ ಬರೆದು ಕಳುಹಿಸುವುದು ರೋಗವನ್ನು ಹೇಳದೆ ಔಷಧಿಯನ್ನು ಕೇಳಿದಂತೆ. ಉದ್ದೇಶವನ್ನು ಹೇಳಿದ ಮೇಲೆ ರಟ್ಟಿನ ಮೇಲೆ ತಲೆಯ ಪೂರ್ಣಪ್ರಮಾಣದ ಚಿತ್ರವನ್ನು ಬರೆದು ಕತ್ತರಿಸಿ, ಒಂದು ಕೋಲಿಗೆ ಸಿಕ್ಕಿಸಿ, ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಕಾಗದದ ಮೇಲೆ ಸೊಗಸಾಗಿ ಕಂಡ ಗಡ್ಡದಂತಹ ಬಾಗು ಕೈಗೆ ತೀರ ಮುಂಭಾರವೆನಿಸಬಹುದು. ಎಸೆಯುವ ಟೊಮಹಾಕಿನ ತಲೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಪೌಂಡು ತೂಗುತ್ತದೆ. ಬಾಯಿಯ ಅಗಲ ಮೂರು, ನಾಲ್ಕು ಅಂಗುಲ.

ಎರಡನೆಯದು ಲೋಹ. ಮ್ಯಾಂಡನ್ನರ ಕೊಡಲಿ ಬರಿಯ ಕಬ್ಬಿಣದ್ದೆಂದು ಲೂಯಿಸ್ ಸ್ಪಷ್ಟವಾಗಿ ಹೇಳಿದ್ದಾನೆ. ಬಡಿಗಬ್ಬಿಣದಲ್ಲಿ ಇಂಗಾಲವು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಅದು ಮೆದು, ಬಾಗುತ್ತದೆ, ಅದರ ಬಾಯಿ ಬೇಗ ಮೊಂಡಾಗುತ್ತದೆ. ನೂರಕ್ಕೆ ಅರ್ಧದಿಂದ ಒಂದು ಪಾಲು ಇಂಗಾಲ ಬೆರೆತರೆ ಅದೇ ಉಕ್ಕು. ಹಿಂದೆ ಉಕ್ಕು ದುಬಾರಿಯಾಗಿದ್ದುದರಿಂದ ಜಾಣ ಕಮ್ಮಾರರು ಒಂದು ಉಪಾಯ ಕಂಡುಕೊಂಡಿದ್ದರು. ಕಬ್ಬಿಣದ ಪಟ್ಟಿಯೊಂದನ್ನು ಕಾಯಿಸಿ, ಕಾವಿನ ಗಾತ್ರದ ಸರಳಿನ ಸುತ್ತ ಮಡಿಸಿ, ಎರಡು ತುದಿಗಳನ್ನೂ ಒಂದರ ಮೇಲೊಂದು ತರುತ್ತಿದ್ದರು. ಮಡಿಕೆಯ ಜಾಗದಲ್ಲಿ ಕಾವು ತೂರುವ ಕಣ್ಣು ತಾನಾಗಿಯೇ ಸಿದ್ಧವಾಯಿತು. ತುದಿಗಳ ನಡುವೆ, ರೊಟ್ಟಿಯ ನಡುವೆ ಪಲ್ಯವನ್ನಿಟ್ಟಂತೆ, ಉಕ್ಕಿನ ಒಂದು ಚೂರನ್ನಿಟ್ಟು ಎಲ್ಲವನ್ನೂ ಬೆಸೆಯುತ್ತಿದ್ದರು. ಬಾಯಿಗೆ ಉಕ್ಕಿನ ಗಡಸು, ಮೈಗೆ ಕಬ್ಬಿಣದ ತಾಳಿಕೆ.

ಈ ಬೆಸುಗೆಯಲ್ಲಿ ಲೋಹ ಕರಗುವುದಿಲ್ಲ. ಹಳದಿಬಿಳುಪಿಗೆ ಕಾಯ್ದು ಮೆತ್ತಗಾದ ಎರಡು ಮೈಗಳು ಸುತ್ತಿಗೆಯ ಪೆಟ್ಟಿಗೆ ಒಂದಾಗುತ್ತವೆ, ಅಷ್ಟೆ. ಅಡ್ಡಿಬರುವುದು ಕಾದ ಕಬ್ಬಿಣದ ಮೇಲೆ ಗಾಳಿಯಿಂದ ಹುಟ್ಟುವ ಆಕ್ಸೈಡಿನ ಹಕ್ಕಳೆ. ಆದಕಾರಣ ಕಮ್ಮಾರನು ಬಿಳಿಗಾರವನ್ನು ಉದುರಿಸುತ್ತಾನೆ. ಅದು ಕರಗಿ, ಹಕ್ಕಳೆಯನ್ನು ತನ್ನೊಳಗೆ ಕರಗಿಸಿಕೊಂಡು, ಗಾಜಿನಂತೆ ಹರಿದು ಪೆಟ್ಟಿನ ಹೊಡೆತಕ್ಕೆ ಹೊರಕ್ಕೆ ಚಿಮ್ಮುತ್ತದೆ. ಸ್ವಲ್ಪ ಹಕ್ಕಳೆ ಒಳಗೇ ಉಳಿಯಿತೆನ್ನಿ, ಅಲ್ಲಿ ಹೊರಗಣ್ಣಿಗೆ ಕಾಣದ ಬಿರುಕೊಂದು ಹುಟ್ಟಿದಂತೆಯೇ. ಇದನ್ನು ತಪ್ಪಿಸಲು ಇಂದಿನ ಅನೇಕರು ಮಡಿಸುವ ಗೊಡವೆಗೇ ಹೋಗದೆ, ಇಡಿಯ ಉಕ್ಕಿನ ತುಂಡಿನಲ್ಲಿ ಕಣ್ಣನ್ನು ಕೊರೆದು ಹಿಗ್ಗಿಸುತ್ತಾರೆ. ಹಳೆಯ ಸುತ್ತಿಗೆಯ ತಲೆಯನ್ನೋ ಕುದುರೆಯ ಗೊರಸು ತೀಡುವ ದೊಡ್ಡ ಅರವನ್ನೋ ಕಾಯಿಸಿ ಕೊಡಲಿಯಾಗಿ ಬಡಿಯುವುದೂ ಉಂಟು. ಇದು ಅಗ್ಗವೂ ಹೌದು, ಸೊಗಸೂ ಹೌದು. ಆದರೆ ಹಳೆಯ ಉಕ್ಕಿನಲ್ಲಿ ಇಂಗಾಲವೆಷ್ಟೆಂಬುದು ತಿಳಿಯದ ಕಾರಣ, ಹದಗೊಳಿಸುವುದು ಊಹೆಯ ಕೆಲಸವಾಗುತ್ತದೆ. ಯಾವ ಉಕ್ಕು ಎಂದು ಗಿರಾಕಿ ಕೇಳಿಯೇ ತಿಳಿದುಕೊಳ್ಳಬೇಕು.

ಏಕೆಂದರೆ ಟೊಮಹಾಕಿನ ಜೀವವಿರುವುದು ಈ ಹದದಲ್ಲಿ. ಕಬ್ಬಿಣದ ಪರಮಾಣುಗಳು ಸ್ಫಟಿಕಗಳಲ್ಲಿ ಒಂದು ಕ್ರಮದಿಂದ ಜೋಡಿಸಿಕೊಂಡಿರುತ್ತವೆ. ಉಕ್ಕನ್ನು ಸುಮಾರು 800 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಈ ಜೋಡಣೆ ಬದಲಾಗಿ, ತಣ್ಣಗಿದ್ದಾಗ ಒಳಗೊಳ್ಳಲಾರದಷ್ಟು ಇಂಗಾಲವನ್ನು ಒಳಗೆ ಬರಮಾಡಿಕೊಳ್ಳುತ್ತದೆ. ನಿಧಾನವಾಗಿ ಆರಿಸಿದರೆ ಇಂಗಾಲವು ಮತ್ತೆ ಬೇರ್ಪಡುತ್ತದೆ. ಉಕ್ಕು ಮೊದಲಿನಂತೆ ಮೆದುವಾಗುತ್ತದೆ. ತಟಕ್ಕನೆ ಎಣ್ಣೆಯಲ್ಲಿ ಅದ್ದಿದರೋ? ಪರಮಾಣುಗಳು ಹಳೆಯ ಜೋಡಣೆಗೆ ಮರಳಲು ಹವಣಿಸುತ್ತವೆ, ಆದರೆ ಇಂಗಾಲಕ್ಕೆ ಹೊರಹೋಗಲು ಸಮಯವೇ ಇರುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಿಕ್ಕಿಕೊಂಡ ಅತಿಥಿಗಳಂತೆ ಅದು ಒಳಗೇ ಉಳಿದು, ಸ್ಫಟಿಕವನ್ನು ಎಳೆದು ಸೊಟ್ಟಗೆ ಮಾಡುತ್ತದೆ. ಹೀಗೆ ಬಿಗಿದುಕೊಂಡ ಸ್ಥಿತಿಗೆ, ಜರ್ಮನಿಯ ಲೋಹಶಾಸ್ತ್ರಜ್ಞ ಆಡಾಲ್ಫ್ ಮಾರ್ಟೆನ್ಸನ ಸ್ಮರಣಾರ್ಥ, ಮಾರ್ಟೆನ್ಸೈಟ್ ಎಂದು ಹೆಸರು. ಅದು ಬಹಳ ಗಡಸು, ಅಷ್ಟೇ ಪೆಡಸು.

ಸರಿಯಾದ ಶಾಖ ಬಂದಿತೆಂದು ಕಮ್ಮಾರನಿಗೆ ತಿಳಿಯುವ ಬಗೆ ಕುತೂಹಲಕರವಾದುದು. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣವು ತನ್ನ ಅಯಸ್ಕಾಂತ ಗುಣವನ್ನು ಕಳೆದುಕೊಳ್ಳುತ್ತದೆ. ತಂತಿಗೆ ಕಟ್ಟಿದ ಅಯಸ್ಕಾಂತವೊಂದನ್ನು ಕುಲುಮೆಯ ಪಕ್ಕದಲ್ಲಿ ತೂಗುಬಿಟ್ಟು, ಕೆಂಪಗೆ ಕಾದ ಅಲಗನ್ನು ಅದಕ್ಕೆ ಮುಟ್ಟಿಸಿ ನೋಡುತ್ತಾರೆ. ಅಂಟಿಕೊಳ್ಳುವುದು ನಿಂತೊಡನೆ, ಇನ್ನು ಸ್ವಲ್ಪ ಕಾಯಿಸಿ, ಎಣ್ಣೆಗೆ!

ಆದರೆ ಈ ಸ್ಥಿತಿಯಲ್ಲಿ ಕೊಡಲಿಯನ್ನು ಎಸೆದರೆ ಅದು ಗಾಜಿನಂತೆ ಸಿಡಿಯಬಹುದು. ಚಾಕುವಿನ ಬಾಯಿ ಕೊಯ್ಯುತ್ತದೆ, ಕೊಡಲಿಯ ಬಾಯಿ ಪೆಟ್ಟು ತಿನ್ನುತ್ತದೆ. ಅದಕ್ಕಾಗಿ ಮತ್ತೆ ಹದವಾಗಿ ಕಾಯಿಸಿ, ಸೆರೆಸಿಕ್ಕ ಇಂಗಾಲದ ಒಂದಂಶವನ್ನು ಬಿಡಿಸಿ, ಗಡಸನ್ನು ಸ್ವಲ್ಪ ತ್ಯಾಗಮಾಡಿ ತಾಳಿಕೆಯನ್ನು ಪಡೆಯಬೇಕು. ಉಜ್ಜಿ ಬೆಳಗಿಸಿದ ಉಕ್ಕು ಕಾಯುತ್ತ ಹೋದಂತೆ ಅದರ ಮೈಮೇಲೆ ಬಣ್ಣಗಳು ಓಡತೊಡಗುತ್ತವೆ. ಸುಮಾರು 225 ಡಿಗ್ರಿಗೆ ಒಣಹುಲ್ಲಿನ ಹಳದಿ, 250ರ ಮೇಲೆ ಕಂದು, 280ರ ಸುಮಾರಿಗೆ ನೇರಳೆ, 300ಕ್ಕೆ ನೀಲಿ. ಬಣ್ಣವು ಉಕ್ಕಿನದಲ್ಲ. ಮೇಲೆ ಬೆಳೆಯುವ ಆಕ್ಸೈಡಿನ ಪೊರೆಯು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾಗಿರುತ್ತದೆ. ಅದರ ಮೇಲ್ಮೈಯಿಂದಲೂ ಕೆಳಮೈಯಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಒಂದನ್ನೊಂದು ಕೆಲವೆಡೆ ಹೆಚ್ಚಿಸಿ ಕೆಲವೆಡೆ ಅಳಿಸಿ ಈ ಬಣ್ಣಗಳನ್ನು ಹುಟ್ಟಿಸುತ್ತವೆ. ಸಾಬೂನಿನ ಗುಳ್ಳೆಯ ಮೇಲೆ, ಮಳೆಯಲ್ಲಿ ರಸ್ತೆಯ ಮೇಲೆ ಹರಡಿದ ಎಣ್ಣೆಯ ಮೇಲೆ ನಾವು ಕಾಣುವುದೂ ಇದನ್ನೇ. ಎಸೆಯುವ ಕೊಡಲಿಯ ಬಾಯಿಗೆ ಕಂದು ದಾಟಿ ನೇರಳೆಯ ಕಡೆಗೆ ಹೋದ ಹದ ಒಳ್ಳೆಯದು. ಕಣ್ಣಿನ ಸುತ್ತಲ ಭಾಗವನ್ನು ಇನ್ನೂ ಮೆದುವಾಗಿಯೇ ಬಿಡಬೇಕು. ಅತಿ ಗಡಸಾದ ಬಾಯಿಯನ್ನು ಕೇಳುವ ಹುರುಪು ಹೊಸ ಗಿರಾಕಿಗಳಲ್ಲಿ ಹೆಚ್ಚು. ಒಳ್ಳೆಯ ಕಮ್ಮಾರನು ಆ ಮಾತನ್ನು ಕೇಳುವುದಿಲ್ಲ.

ಇನ್ನು ಕಾವು. ಸಾಮಾನ್ಯ ಮರಕಡಿಯುವ ಕೊಡಲಿಯಲ್ಲಿ ಕಾವನ್ನು ಕೆಳಗಿನಿಂದ ತೂರಿಸಿ, ಮೇಲೆ ಬೆಣೆ ಬಡಿಯುತ್ತಾರೆ. ಟೊಮಹಾಕಿನ ಕ್ರಮ ಇದಕ್ಕೆ ವಿರುದ್ಧ. ಅದರ ಕಣ್ಣು ಮೇಲೆ ಅಗಲ, ಕೆಳಗೆ ಕಿರಿದು. ಮೇಲ್ತುದಿ ದಪ್ಪವಾದ ಕಾವನ್ನು ಮೇಲಿನಿಂದ ಇಳಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಪಿಕಾಸಿಗೆ ಕಾವು ಹಾಕುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀಸಿದಾಗ ತಲೆಯು ಹೊರಕ್ಕೆ ಹಾರಲು ಯತ್ನಿಸುತ್ತದಷ್ಟೆ. ಆ ಯತ್ನವೇ ಅದನ್ನು ಕಾವಿನ ದಪ್ಪ ತುದಿಗೆ ಬಿಗಿಯುತ್ತದೆ. ಬೆಣೆ ಬೇಡ. ಕಾವು ಮುರಿದರೆ ಬೇರೊಂದನ್ನು ಕ್ಷಣದಲ್ಲಿ ಹಾಕಬಹುದು. ಎಸೆಯುವವರ ಕಾವುಗಳು ಮುರಿಯುತ್ತಲೇ ಇರುವುದರಿಂದ, ಗಿರಾಕಿಯು ಎರಡು ಮೂರು ಕಾವುಗಳನ್ನು ಒಟ್ಟಿಗೆ ಕೇಳುವುದು ವಿವೇಕ. ಹಿಕೋರಿ ಮರ ಇದಕ್ಕೆ ಹೆಸರಾದುದು. ಅದು ಪೆಟ್ಟನ್ನು ನುಂಗಿ ಬಾಗುತ್ತದೆ. ಮರದ ಬೆಳವಣಿಗೆಯ ಉಂಗುರಗಳು ಅಲಗಿನ ದಿಕ್ಕಿಗೆ ಸಮಾನಾಂತರವಾಗಿರಬೇಕು, ನಾರು ಕಾವಿನ ಉದ್ದಕ್ಕೂ ತಪ್ಪದೆ ಓಡಬೇಕು. ನಾರು ಓರೆಯಾಗಿ ಪಕ್ಕಕ್ಕೆ ಹೊರಟುಹೋದ ಕಾವು ಎಷ್ಟೇ ನುಣುಪಾಗಿದ್ದರೂ ಅಲ್ಲಿಯೇ ಸೀಳುತ್ತದೆ.

ಕಾವಿನ ಉದ್ದವೆಷ್ಟಿರಬೇಕು? ಸಾಮಾನ್ಯವಾಗಿ ಹತ್ತೊಂಬತ್ತು ಅಂಗುಲದ ಆಸುಪಾಸು. ಇದನ್ನು ಗಿರಾಕಿಯ ಚಪಲಕ್ಕೆ ಬಿಟ್ಟ ವಿಷಯವೆಂದು ಭಾವಿಸಬಾರದು. ಎಸೆದ ಕೊಡಲಿ ಗಾಳಿಯಲ್ಲಿ ತಿರುಗುತ್ತ ಸಾಗುತ್ತದೆ. ಒಂದು ಸುತ್ತು ಮುಗಿಯುವ ಕ್ಷಣಕ್ಕೆ ಸರಿಯಾಗಿ ಗುರಿಯನ್ನು ಮುಟ್ಟಿದರೆ ಮಾತ್ರ ಅಲಗು ನಾಟುತ್ತದೆ. ಕೈಬಿಡುವ ಕ್ಷಣದಲ್ಲಿ ಮುಂಗೈಯೂ ಕೊಡಲಿಯೂ ಒಟ್ಟಿಗೆ ಮೊಳಕೈಯ ಸುತ್ತ ತಿರುಗುತ್ತಿವೆಯೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಕೊಡಲಿಯ ಗುರುತ್ವಕೇಂದ್ರಕ್ಕೆ ಇರುವ ದೂರ 60 ಸೆಂಟಿಮೀಟರ್ ಆಗಿರಲಿ. ಆ ಕೇಂದ್ರವು 60 ಸೆಂಟಿಮೀಟರ್ ತ್ರಿಜ್ಯದ ವೃತ್ತದ ಮೇಲೆ ಓಡುತ್ತಿದ್ದುದು, ಕೈಬಿಟ್ಟೊಡನೆ ಅದೇ ವೇಗದಿಂದ ಮುಂದಕ್ಕೆ ಹೊರಡುತ್ತದೆ. ತಿರುಗುವ ವೇಗವೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಸಾಗುವ ದೂರ ಆ ವೃತ್ತದ ಪರಿಧಿಗೆ ಸಮ. 60ನ್ನು 6.28ರಿಂದ ಗುಣಿಸಿದರೆ ಸುಮಾರು 377 ಸೆಂಟಿಮೀಟರ್, ಎಂದರೆ ಹನ್ನೆರಡು ಅಡಿಗೆ ತುಸು ಹೆಚ್ಚು. ಎಸೆಯುವಾಗ ಭುಜವೂ ಮೈಯೂ ಮುಂದಕ್ಕೆ ಚಲಿಸುವುದರಿಂದ ನಿಜವಾದ ದೂರ ಇನ್ನಷ್ಟು ಹೆಚ್ಚು. ಅನುಭವಿಗಳು ಹನ್ನೆರಡರಿಂದ ಹದಿನೈದು ಅಡಿ ದೂರ ನಿಲ್ಲುತ್ತಾರೆ.

ಈ ಲೆಕ್ಕದಲ್ಲಿ ವೇಗದ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಜೋರಾಗಿ ಎಸೆದರೆ ಸಾಗುವ ವೇಗವೂ ತಿರುಗುವ ವೇಗವೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಸುತ್ತಿನ ದೂರ ಬದಲಾಗುವುದಿಲ್ಲ. ರಟ್ಟೆಯ ಬಲವನ್ನು ನೆಚ್ಚಿದ ಹೊಸಬನು ಎಷ್ಟು ಜೋರಾಗಿ ಎಸೆದರೂ ಕಾವೇ ಗುರಿಗೆ ಬಡಿಯುವುದನ್ನು ಕಂಡು ತಬ್ಬಿಬ್ಬಾಗುತ್ತಾನೆ. ಒಂದು ಹೆಜ್ಜೆ ಹಿಂದೆ ಸರಿಯುವುದೋ ಮುಂದೆ ಬರುವುದೋ ಅವನಿಗೆ ಹೊಳೆಯುವುದಿಲ್ಲ. ಗುರುತ್ವಕೇಂದ್ರವು ಕೈಯಿಂದ ಐದು ಸೆಂಟಿಮೀಟರ್ ದೂರ ಸರಿಯುವಷ್ಟು ಉದ್ದವಾದ ಕಾವನ್ನು ಹಾಕಿದರೆ ನಿಲ್ಲುವ ಜಾಗ ಮೂವತ್ತೊಂದು ಸೆಂಟಿಮೀಟರ್, ಎಂದರೆ ಒಂದು ಅಡಿ, ಹಿಂದಕ್ಕೆ ಹೋಗುತ್ತದೆ. ಆದುದರಿಂದಲೇ ಹೆಚ್ಚಿಗೆ ಕೇಳಿದ ಕಾವುಗಳೆಲ್ಲ ಒಂದೇ ಉದ್ದ, ಒಂದೇ ತೂಕ ಇರಬೇಕೆಂದು ಬರೆಯಬೇಕಾಗುತ್ತದೆ.

ಕೊಡಲಿಯ ಹಿಂಭಾಗದಲ್ಲಿ ಮೊಳೆಯಂತಹ ಮುಳ್ಳನ್ನೋ ಸುತ್ತಿಗೆಯನ್ನೋ ಕೇಳುವವರುಂಟು. ಎಸೆಯುವವನಿಗೆ ಮುಳ್ಳು ಬೇಡ. ಗುರಿಯಿಂದ ಪುಟಿದು ಬಂದ ಕೊಡಲಿಗೆ ಒಂದು ಬಾಯಿಯೇ ಸಾಕು. ಇವೆಲ್ಲಕ್ಕಿಂತ ಹೆಚ್ಚು ಕೌಶಲವನ್ನು ಬೇಡುವುದು ಚಿಲುಮೆಯ ಟೊಮಹಾಕ್. ಹದಿನೆಂಟನೆಯ ಶತಮಾನದಲ್ಲಿ ಹರಡಿದ ಈ ಬಗೆಯಲ್ಲಿ ಅಲಗಿನ ಹಿಂದೆ ಹೊಗೆಸೊಪ್ಪು ತುಂಬುವ ಬಟ್ಟಲು, ಕಾವಿನೊಳಗೆ ಹೊಗೆ ಬರುವ ಕೊಳವೆ. ಬಟ್ಟಲನ್ನು ಹಳೆಯ ಬಂದೂಕಿನ ನಳಿಗೆಯಿಂದ ಮಾಡಿದ್ದೂ ಉಂಟು. ಕಾವಿಗೆ ಆಶ್ ಮರವನ್ನು ಆರಿಸುತ್ತಿದ್ದುದಕ್ಕೆ ಕಾರಣ, ಅದರ ರೆಂಬೆಯ ನಡುವಿನ ಮೆದುವಾದ ತಿರುಳನ್ನು ಕೆಂಪಗೆ ಕಾದ ತಂತಿಯಿಂದ ಸುಟ್ಟು ತೆಗೆಯಬಹುದು. ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳು ಬೆಳ್ಳಿ ಕೂರಿಸಿದ ಇಂತಹ ಚಿಲುಮೆಗಳನ್ನು ಒಪ್ಪಂದಗಳ ಸಮಯದಲ್ಲಿ ಮೂಲನಿವಾಸಿ ನಾಯಕರಿಗೆ ಕಾಣಿಕೆಯಾಗಿ ಕೊಡುತ್ತಿದ್ದರು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಸಂಧಾನ. ಆ ಒಪ್ಪಂದಗಳಲ್ಲಿ ಎಷ್ಟು ಮುರಿದುಬಿದ್ದವೆಂಬುದನ್ನು ಇತಿಹಾಸ ಬಲ್ಲವರಿಗೆ ಹೇಳಬೇಕಾಗಿಲ್ಲ.

ಈ ಕಾರಣದಿಂದ ಹೆಸರಿನ ಪ್ರಶ್ನೆಯೂ ಹಗುರವಾದುದಲ್ಲ. ಅಮೆರಿಕದಲ್ಲಿ 1990ರ ಕಾನೂನೊಂದರ ಪ್ರಕಾರ, ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದ್ದೆಂಬ ಭಾವನೆ ಬರುವಂತೆ ಮಾರುವುದು ಅಪರಾಧ. ಹೊಸ ಕೊಡಲಿಗೆ ಹುಳಿ ಹಚ್ಚಿ ತುಕ್ಕು ಹಿಡಿಸಿ ಹಳೆಯದೆಂದು ತೋರಿಸುವ ಚಾತುರ್ಯವೂ ಲೋಕದಲ್ಲುಂಟು. ಪ್ರಾಮಾಣಿಕ ಕಮ್ಮಾರನು ತನ್ನ ಮುದ್ರೆಯನ್ನು ತಲೆಯ ಮೇಲೆ ಒತ್ತುತ್ತಾನೆ. ಒತ್ತಬೇಕೆಂದು ಗಿರಾಕಿಯೂ ಕೇಳಬೇಕು. ನಮ್ಮ ದೇಶದಿಂದ ತರಿಸಿಕೊಳ್ಳುವ ಹಂಬಲವುಳ್ಳವರು ಇನ್ನೊಂದನ್ನೂ ತಿಳಿದಿರಬೇಕು. ಭಾರತದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಸಮರಗೊಡಲಿಯ ಹೆಸರು ಸ್ಪಷ್ಟವಾಗಿದೆ; ವಿಚಾರಿಸದೆ ತರಿಸುವುದು ತೊಂದರೆಯನ್ನು ತರಿಸಿಕೊಂಡಂತೆ.

ಕಾಗದ ಬರೆದು ಮುಂಗಡ ಕಳುಹಿಸಿದ ಮೇಲೆ ಕಾಯುವುದೊಂದೇ ಕೆಲಸ. ಹೆಸರಾದ ಕಮ್ಮಾರನಾದರೆ ತಿಂಗಳುಗಟ್ಟಲೆ. ಪೆಟ್ಟಿಗೆ ಬಂದೊಡನೆ ಎಸೆಯಲು ಓಡಬಾರದು. ಮೊದಲು ಹೊಸ ಅರವೊಂದನ್ನು ಬಾಯಿಯ ಮೇಲೆ ಮೆಲ್ಲಗೆ ಆಡಿಸಬೇಕು. ಅರ ಏನೂ ಹಿಡಿಯದೆ ಗಾಜಿನ ಮೇಲೆಂಬಂತೆ ಜಾರಿದರೆ ಬಾಯಿ ಅತಿ ಗಡಸು. ಬರಿಯ ಕಬ್ಬಿಣದಂತೆ ಸಲೀಸಾಗಿ ತೇಯ್ದರೆ ಅತಿ ಮೆದು. ಮನಸ್ಸಿಲ್ಲದ ಮನಸ್ಸಿನಿಂದ ಹಿಡಿದರೆ ಹದ ಸರಿಯಾಗಿದೆ. ಬಳಿಕ ಕಾವನ್ನು ಕಳಚಿ, ತಲೆಗೆಲ್ಲ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರಸಿ, ಸೀಮೆಸುಣ್ಣದ ಹುಡಿಯನ್ನು ತೆಳ್ಳಗೆ ಬಳಿಯಬೇಕು. ಬಿರುಕೊಂದು ಇದ್ದರೆ ಅದರೊಳಗೆ ಹೊಕ್ಕಿದ್ದ ಎಣ್ಣೆಯನ್ನು ಹುಡಿ ಹೊರಕ್ಕೆ ಹೀರುತ್ತದೆ. ಬಿಳಿಯ ಮೇಲೆ ಕೂದಲೆಳೆಯಂತಹ ಕಪ್ಪು ಗೆರೆ ಮೂಡುತ್ತದೆ. ರೈಲ್ವೆ ಕಾರ್ಖಾನೆಗಳಲ್ಲಿ ಗಾಲಿಯ ಅಚ್ಚುಗಳ ಬಿರುಕನ್ನು ಹಿಂದೆ ಹೀಗೆಯೇ ಪತ್ತೆಹಚ್ಚುತ್ತಿದ್ದರು. ಕಣ್ಣಿನ ಅಂಚಿನಲ್ಲಿಯೂ, ಉಕ್ಕು ಕಬ್ಬಿಣವನ್ನು ಸೇರುವ ಬೆಸುಗೆಯ ಉದ್ದಕ್ಕೂ ಬೆಳಕಿಗೆ ಹಿಡಿದು ನೋಡಬೇಕು. ಗೆರೆ ಕಂಡರೆ ಆ ತಲೆಯನ್ನು ಒಮ್ಮೆಯೂ ಎಸೆಯದೆ ಮಾಡಿದವನಿಗೆ ಹಿಂದಕ್ಕೆ ಕಳುಹಿಸಬೇಕು. ಕಾಣದಿದ್ದರೆ ಹುಡಿಯನ್ನು ಒರಸಿ, ಕಾವಿಗೆ ಅಗಸೆ ಎಣ್ಣೆ ತಿಕ್ಕಿ, ಹನ್ನೆರಡು ಅಡಿ ಅಳೆದು ನಿಲ್ಲಬಹುದು.